ಹನ್ನೊಂದನೆಯ ಸಾಕ್ಷಿ

ಅರಸೀಕೆರೆ ಜಂಕ್ಷನ್ನಿನ ಕಿಂಡಿಯೊಳಗೆ ಕೂತು
ಇಪ್ಪತ್ತಾರು ವರ್ಷ ನಾನು ನೋಡಿದ್ದು ಬರೀ ಕೈಗಳನ್ನು.
ಮೊಣಕೈ ತನಕ ಮನುಷ್ಯ, ಆಮೇಲೆ ಕಂಬಿ.
ಎಣ್ಣೆ ಮಿಲ್ಲಿನ ಕೈ, ಬಳೆಗಾರನ ಕೈ,
ಅರ್ಧ ಟಿಕೆಟ್ಟಿಗಾಗಿ ಮಗುವಿನ ವಯಸ್ಸು ಕದಿಯುವ ಕೈ.
ಅವತ್ತಿನದು ಮಸಿ ಕೂತ ಕೈ,
ಉಗುರ ಸಂದಿಯಲ್ಲಿ ಅಚ್ಚಿನ ಶಾಯಿ.

"ಒಂದು ಪ್ಲಾಟ್‌ಫಾರಂ."

ಕೊಟ್ಟೆ.
ಕಾಲು ಗಂಟೆಗೆ ಮಂತ್ರಿ ಇಳಿದರು,
ಹಾರ ಇನ್ನೂ ಕೊರಳಿಗೆ ಬಿದ್ದಿರಲಿಲ್ಲ.
ಎರಡು ಸದ್ದು. ಹಳಿಯ ಮೇಲಿಡುವ ಪಟಾಕಿ ಅಂದುಕೊಂಡೆ.

ಹಾಸನದ ಸೆಷನ್ಸ್ ಕೋರ್ಟಿನಲ್ಲಿ ಆ ಕೈಗೊಂದು ಹೆಸರು ಬಂತು:
ಜಾವಗಲ್ಲಿನ ದಿವಂಗತ ಕರಿಸಿದ್ದಪ್ಪನ ಮಗ ಮರುಳಪ್ಪ,
ವಯಸ್ಸು ಇಪ್ಪತ್ತೆಂಟು, ಕಸುಬು ಕಂಪೋಸಿಟರ್,
ಅಕ್ಷರವನ್ನು ತಿರುವುಮುರುವಾಗಿ ಓದಿ ಬದುಕುವವ.
ಗೋಲಿಬಾರಿನಲ್ಲಿ ಸತ್ತ ಏಳು ಜನರ ಹೆಸರು
ಕರಪತ್ರಕ್ಕೆ ಜೋಡಿಸಿದ್ದನಂತೆ.
ಮೂರೇ ಇರಲಿ ಅಂತ ಮೇಲಿನಿಂದ ಬಂತಂತೆ.
ನಾಲ್ಕು ಹೆಸರಿನ ಮೊಳೆ ಬಿಚ್ಚಿ
ಒಂದೊಂದೇ ಅಕ್ಷರ ಅದರದರ ಗೂಡಿಗೆ ಹಾಕಿ
ಕೈ ತೊಳೆಯದೆ ಮನೆಗೆ ಹೋದನಂತೆ.

ಆ ನಾಲ್ಕು ಹೆಸರಿನ ಸೀಸ ಕರಗಿಸಿಯೇ ಗುಂಡು ಎರೆದ
ಎಂಬುದು ಊರು ಕಟ್ಟಿದ ಕತೆ. ಚೆನ್ನಾಗಿದೆ, ಸುಳ್ಳು.
ಗುಂಡು ಕೊಂಡದ್ದು ಕಡೂರು ಕಡೆಯ ಹಂದಿ ಬೇಟೆಯವನ ಹತ್ತಿರ,
ಆರು ರೂಪಾಯಿಗೆ. ಅವನು ಒಂಬತ್ತನೆಯ ಸಾಕ್ಷಿ.

ನಾನು ಹನ್ನೊಂದು.
ನನ್ನ ಟಿಕೆಟ್ಟಿಗೆ ದಾರ ಕಟ್ಟಿ ಅರಗಿನ ಮುದ್ರೆ ಒತ್ತಿದ್ದರು.
ಸರ್ಕಾರಿ ವಕೀಲರು ಕೇಳಿದರು:
"ದುಡ್ಡು ಕೊಡುವಾಗ ಕೈ ನಡುಗುತ್ತಿತ್ತೆ?"
"ಇಲ್ಲ ಸ್ವಾಮಿ."
ಕಟಕಟೆಯಿಂದ ಅವನು ನನ್ನನ್ನೇ ನೋಡಿದ.
ಮುಖ ನಾನು ಕಂಡದ್ದು ಆಗಲೇ. ಎಡಗಣ್ಣು ಸ್ವಲ್ಪ ಕಿರಿದು.
ಏನೋ ಹೇಳಲು ತುಟಿ ಸರಿಸಿ, ಸುಮ್ಮನಾದ.

ತೀರ್ಪಿನ ನಲವತ್ತೊಂದನೆಯ ಪುಟದಲ್ಲಿ ನನ್ನ "ಇಲ್ಲ" ಇದೆ.
ಆರೋಪಿಯ ಕೈ ನಡುಗಲಿಲ್ಲ, ಆದ್ದರಿಂದ ಮನಸ್ಸು ತಣ್ಣಗಿತ್ತು,
ಆದ್ದರಿಂದ, ಆದ್ದರಿಂದ.
ಕೊನೆಯ ಆದ್ದರಿಂದದ ಕೆಳಗೆ ನಿಬ್ಬು ಮುರಿದರು.

ಕ್ಷಮೆಯ ಅರ್ಜಿ ಹೋದ ದಾರಿಯಲ್ಲೇ ವಾಪಸು ಬಂದ ಮೇಲೆ
ಕಿಂಡಿಗೊಂದು ಮುದಿಗೈ ಬಂತು, ಮುಂಗೈ ತುಂಬ ಹಸಿರು ಹಚ್ಚೆ.
"ಬೆಂಗ್ಳೂರ್ಗೆ ಎಲ್ಡು ಕೊಡಪ್ಪ. ಬರೋವಾಗ ಮೂರಾಯ್ತೀವಿ.
ಹೆಣಕ್ಕೂ ಟಿಕೀಟು ಐತಾ?"
ನಾನು ದರಪಟ್ಟಿ ತೆಗೆದು ನೋಡಿದೆ.
ನಿಜವಾಗಿಯೂ ನೋಡಿದೆ, ಸಾಲಿನ ಮೇಲೆ ಬೆರಳಿಟ್ಟು.
ಜೈಲಿನವರು ಕೊಡಲಿಲ್ಲ. ಇಬ್ಬರೇ ವಾಪಸು ಬಂದರು.

ಕೋರ್ಟಿನಲ್ಲಿ ಯಾರೂ ಕೇಳದ್ದೊಂದಿದೆ.
ಅವನು ಕೊಟ್ಟದ್ದು ಪಾವಲಿ. ಟಿಕೆಟ್ಟು ಒಂದಾಣೆ.
ಮೂರಾಣೆ ತಳ್ಳುವ ಕಡೆ ನಾಲ್ಕು ತಳ್ಳಿದ್ದೆ.
ಹೋದ ಕೈ ತಿರುಗಿ ಬಂತು.
"ಒಂದಾಣೆ ಹೆಚ್ಚಿಗೆ ಬಂದೈತೆ, ತಗಳಿ."
ಮರದ ಹಲಗೆಯ ಮೇಲೆ ಆಣೆ ಟಕಟಕ ಅಂದಿತು,
ಬೆರಳಿನಿಂದಲೋ,
ಷಂಟಿಂಗ್ ಎಂಜಿನ್ನು ಹಾದು ಕಟ್ಟಡವೇ ಅದುರಿತೋ,
ನಾನು ತಲೆ ಎತ್ತಲಿಲ್ಲ.

ಅವತ್ತು ಸಂಜೆ ಪೊಲೀಸರ ನಡುವೆಯೇ ಗಲ್ಲಾ ಎಣಿಸಿದೆ.
ಲೆಕ್ಕ ಪೈಗೆ ಪೈ ತಾಳೆಯಾಯಿತು.
ಸಹಿ ಹಾಕಿದೆ.