ಇರಬಹುದು

ನಲವತ್ತೇಳನೆಯ ಗಾಜಿಗೆ ಹೆಸರಿಲ್ಲ.
ಗಂಡಸು, ಅರವತ್ತೊಂದು, ಫೆಬ್ರುವರಿ.
ಅಷ್ಟೇ ಬರೆದು ಕಳಿಸಿದ್ದಾರೆ ಯೊಎನ್ಸೂವಿನಿಂದ.
ಮೇಣದಲ್ಲಿ ಹುದುಗಿಸಿದ ಎದೆಯ ರಕ್ತನಾಳವನ್ನು
ಕೂದಲಿಗಿಂತ ತೆಳ್ಳಗೆ ಹೆರೆದು
ಬಿಸಿನೀರಿನ ಮೇಲೆ ತೇಲಿಬಿಟ್ಟೆ.
ಮೂವತ್ತು ವರ್ಷದ ಕೈ; ನಡುಗುವುದಿಲ್ಲ.

ಮಸೂರದ ಕೆಳಗೆ ನನಗೆ ಪರಿಚಯದ ಓಣಿ:
ಗೋಡೆಗೆ ಮೆತ್ತಿದ ಕೊಬ್ಬು, ಸುಣ್ಣದ ಚೂರು,
ನಮ್ಮ ಸರೋವರದ ದಡದ ಗಂಡಸರೆಲ್ಲ
ಎದೆಯೊಳಗೇ ಬರೆದಿಟ್ಟುಕೊಂಡ ಬೆಣ್ಣೆಯ ಲೆಕ್ಕ.
ಈ ಸಲ ಬೇರೆ ಬಣ್ಣ ಹಾಕಲು ಹೇಳಿದ್ದರು.
ಹಾಕಿದೆ. ಕಾದೆ. ತೊಳೆದೆ.
ಕೊಬ್ಬು ನುಂಗಿ ಊದಿದ ಕಣಗಳೊಳಗೆ
ಕಂದು ಚುಕ್ಕೆಗಳು,
ಹಿಟ್ಟಿನಲ್ಲಿ ನುಸಿ ಕಂಡ ಹಾಗೆ.

ಡಾಕ್ಟರ್ ರೌಟಿಯೈನೆನ್ ಕನ್ನಡಕ ಹಣೆಗೇರಿಸಿ ಬಗ್ಗಿದರು.
"ವೈರಸ್ಸಿನ ಗುರುತು, ಹೌದು, ಐಲಿ.
ಆದರೆ ಹೆಜ್ಜೆ ಸಿಕ್ಕ ಮಾತ್ರಕ್ಕೆ
ಕಳವು ಅವನದೇ ಅನ್ನಲಾದೀತೆ?
ಬಾಗಿಲು ಮುರಿದವನು ಇವನೋ,
ಮುರಿದ ಬಾಗಿಲು ಕಂಡು
ಚಳಿಗೆ ಒಳಬಂದು ಕೂತವನೋ..."
ಕಾಫಿ ಆರುತ್ತಿತ್ತು. ಅವರು ವಾಕ್ಯ ಮುಗಿಸಲಿಲ್ಲ.

ತೌನೊ,
ಆ ಜ್ವರ ನಿನಗೆ ಕೊಟ್ಟವಳು ನಾನು.
ಜನವರಿಯ ಬಸ್ಸಿನಿಂದ ಮನೆಗೆ ತಂದೆ,
ನಾಲ್ಕು ದಿನ ಕೆಮ್ಮಿದೆ.
ಬ್ಲೂಬೆರಿ ರಸ ಬಿಸಿಮಾಡಿ ಕುಡಿಸಿದವನು ನೀನು.
ತಳದಲ್ಲಿ ಉಳಿದದ್ದನ್ನು ಅದೇ ಲೋಟದಿಂದ
ಗಟಗಟ ಇಳಿಸಿ, "ಚೆಲ್ಲುವುದು ಯಾಕೆ?" ಅಂದೆ.
ನಾನು ಎದ್ದೆ. ನೀನು ಮಲಗಿದೆ.
ಆಮೇಲೆ ನೀನೂ ಎದ್ದೆ.
ಎದ್ದು ಎಂಟನೆಯ ದಿನ
ಸೌನಾಕ್ಕೆಂದು ಬರ್ಚ್ ಸೀಳುತ್ತಿದ್ದವನು
ಕೊಡಲಿಯನ್ನು ದಿಮ್ಮಿಯಲ್ಲೇ ಬಿಟ್ಟು
ಹಿಮದ ಮೇಲೆ ಕೂತೆ,
ಏನೋ ನೆನಪಾದವನ ಹಾಗೆ.

ಎಲ್ಲರೂ ಬೆಣ್ಣೆಯನ್ನು ಬೈದರು.
ಸಿಗರೇಟನ್ನು ಬೈದರು. ನಿನ್ನ ಅಪ್ಪನನ್ನೂ ಬೈದರು,
ಐವತ್ತೆಂಟಕ್ಕೇ ಹೋಗಿ ದಾರಿ ತೋರಿಸಿದನೆಂದು.
ಲೋಟವನ್ನು ಯಾರೂ ಬೈಯಲಿಲ್ಲ.
ಅದನ್ನು ತೊಳೆದು ಕಪಾಟಿನ ಹಿಂದಕ್ಕೆ ಸರಿಸಿದ್ದೇನೆ.

ಇವತ್ತು ವರದಿ ಟೈಪು ಮಾಡಬೇಕು.
"ಕಾರಣ" ಎಂದರೆ ಕಾಟು ಹೊಡೆಯುತ್ತಾರೆ.
"ಸಂಬಂಧವಿಲ್ಲ" ಎಂದರೂ ಹೊಡೆಯುತ್ತಾರೆ.
ಉಳಿಯುವುದು ಒಂದೇ ಮಾತು: ಇರಬಹುದು.
ಎಷ್ಟು ಸಣ್ಣದು!
ಶಿಕ್ಷೆಗೆ ಸಾಲದು, ಬಿಡುಗಡೆಗೂ ಸಾಲದು.

ಡಿಸೆಂಬರ್; ಮೂರಕ್ಕೇ ಕತ್ತಲು.
ಮನೆಗೆ ಹೋಗುವ ಬಸ್ಸಿನಲ್ಲಿ
ಎದುರು ಸೀಟಿನ ಹುಡುಗ ಸೀನಿದ.
ಅಜ್ಜ ಅವನ ಮೂಗು ಒರೆಸಿ,
ಕರವಸ್ತ್ರ ಮಡಚಿ
ತನ್ನ ಎದೆಯ ಜೇಬಿಗೆ ಹಾಕಿಕೊಂಡ.
ಏನೋ ಹೇಳಲು ಬಾಯಿ ತೆರೆದೆ.
ನನ್ನ ನಿಲ್ದಾಣ ಬಂತು.