ನಾಲ್ಕು ಬಂಗುಡೆ

ಮೂರು ಕಡತ, ಒಂದೇ ಗಂಟು ಹಣ.
ಮೇಲ್ಸೇತುವೆ: ತೊಂಬತ್ತು ಕೋಟಿ.
ತಂಪು ಗಾಳಿಯ ಹೊಸ ಬಸ್‌ಸ್ಟ್ಯಾಂಡು: ಇಪ್ಪತ್ತೆರಡು.
ಮೂರನೆಯದು ತೆಳ್ಳಗೆ, ಟ್ಯಾಗು ಕಟ್ಟಿದರೆ ದಂಡ ಎನ್ನುವಷ್ಟು:
ಮಾಜಾಳಿಯಿಂದ ಬೆಳಗಿನ ಜಾವ ಎರಡು ಮಿನಿ ಬಸ್ಸು,
ಹಿಂದಿನ ಸೀಟು ಕಿತ್ತು ಬುಟ್ಟಿಗೆ ಜಾಗ.

ಎಲ್ಲಿ ಹಾಕಿದ ರೂಪಾಯಿ ಹೆಚ್ಚು ದೂರ ಓಡುತ್ತದೆ
ಲೆಕ್ಕ ತೆಗೆದು ಬಾ ಎಂದರು ನಾಗ್ವೇಕರ್ ಸಾಹೇಬರು.
ಹಾಗೆ ನಾನು, ದ್ವಿತೀಯ ದರ್ಜೆ ಗುಮಾಸ್ತ,
ಐದೂವರೆಗೆ ಸದಾಶಿವಗಡದ ತಂಗುದಾಣದಲ್ಲಿ,
ತೊಡೆಯ ಮೇಲೆ ಹಲಗೆ, ಕಿವಿಯ ಮೇಲೆ ಪೆನ್ಸಿಲ್ಲು.
ಕಾಳಿಯೊಳಗೆ ಹಳೇ ಸೇತುವೆಯ ಮೋಟು ಕಂಬ,
ಅದರ ಮೇಲೆ ರೆಕ್ಕೆ ಹರವಿದ ನೀರುಕಾಗೆ.
ಅದೂ ಕಾಯುತ್ತಿತ್ತು. ಎಣಿಸಲಿಲ್ಲ.

ಗೋವೆಯ ಬಸ್ಸು ನಿಲ್ಲಲಿಲ್ಲ.
ಇನ್ನೊಂದು ನಿಂತಂತೆ ಮಾಡಿ ಹೋಯಿತು.
ಬುಟ್ಟಿ ಇಳಿಸಿ ಕೂತಿದ್ದ ಶೇವಂತಿ ತಾಂಡೇಲಳನ್ನು
ಕೈಪಿಡಿಯಲ್ಲಿದ್ದಂತೆಯೇ ಕೇಳಿದೆ:
ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು?

ನಕ್ಕಳು. "ನನ್ನ ಗಂಟೆಗೆ ಯಾರು ಕೊಡ್ತಾರೆ, ಮಾರಾಯ್ರೆ?
ಮೀನಿಗೆ ಕೇಳಿ.
ಏಳಕ್ಕೆ ಪ್ಯಾಟೆ ಮುಟ್ಟಿದ್ರೆ ನೂರಕ್ಕೆ ಎಂಟು ಬಂಗುಡೆ.
ಎಂಟಾಯ್ತೋ, ನೂರಕ್ಕೆ ಹನ್ನೆರಡು.
ಕಣ್ಣು ಕೆಂಪಾದ್ಮೇಲೆ ಗಿರಾಕಿ ಹೇಳಿದ್ದೇ ರೇಟು."
ಆಮೇಲೆ, ಸಾಗವಾನಿ ಎಲೆ ಸರಿಮಾಡುತ್ತ:
"ನನಗೀಗ ಬಸ್ಸು ಪುಕ್ಕಟೆ. ಬಂಗುಡೆಗೆ ಟಿಕೀಟು."

ರಾತ್ರಿ ಭಾಗಾಕಾರಕ್ಕೆ ಕೂತೆ.
ಮೇಲ್ಸೇತುವೆಯಿಂದ ಕಾರಿಗೆ ಉಳಿಯುವುದು ನಾಲ್ಕು ನಿಮಿಷ;
ನನ್ನ ಸ್ಕೂಟರಿಗೂ. ಸುಳ್ಳೇಕೆ, ಆಸೆಯಾಯಿತು.
ಮಿನಿ ಬಸ್ಸಿನಿಂದ ಬುಟ್ಟಿಗೆ ಒಂದು ಗಂಟೆ.
ಕೋಟಿಯನ್ನು ತಲೆಗೆ ಹಂಚಿದರೆ
ತಲೆಯ ಮೇಲಿನ ಬುಟ್ಟಿಯೇ ಗೆಲ್ಲುತ್ತದೆ.
ಎರಡು ಸಲ ತಾಳೆ ನೋಡಿದೆ, ಗೆಲ್ಲುತ್ತದೆ.
'ಉಳಿದ ಸಮಯದ ಮೌಲ್ಯ' ಎಂಬ ಖಾನೆಯಲ್ಲಿ ಬರೆದೆ:
ನೂರು ರೂಪಾಯಿಗೆ ನಾಲ್ಕು ಬಂಗುಡೆ.

ಸಾಹೇಬರು ಕನ್ನಡಕ ಏರಿಸಿದರು.
"ಖಾನೆ ಅಂಕಿ ಕೇಳ್ತದೆ, ಮೀನಲ್ಲ.
ಲೆಕ್ಕವೇನೋ ಸರಿ ಇದೆ. ಆದರೆ
ಈ ಬಸ್ಸಿಗೆ ಟೇಪು ಕಟ್ಟೋದೆಲ್ಲಿ? ಹೆಸರಿನ ಕಲ್ಲು ನೆಡೋದೆಲ್ಲಿ?"
ಮೂರೂ ಕಡತ ಒಟ್ಟಿಗೆ ಮೇಲಕ್ಕೆ ಹೋದವು,
ತೆಳ್ಳನೆಯದು ನಡುವೆ, ಕಾಣದಂತೆ.

ಶನಿವಾರ ಪೇಟೆಯಲ್ಲಿ ಶೇವಂತಿ ಸಿಕ್ಕಳು. ಒಂಬತ್ತು ಗಂಟೆ.
ನೂರು ಕೊಟ್ಟೆ. ಎಣಿಸಿ ಹಾಕಿದಳು, ಹನ್ನೆರಡು.
ಎಂಟೇ ಸಾಕು ಎಂದೆ.
"ಯಾಕೆ, ಲೆಕ್ಕ ತಪ್ಪಿತಾ?" ಎಂದವಳೇ
ಹನ್ನೆರಡನ್ನೂ ಕಟ್ಟಿ ಕೈಗಿಟ್ಟಳು.
ಕೋಡಿಬಾಗದವರೆಗೆ ನಡೆದೇ ಬಂದೆ, ಬಸ್ಸಿರಲಿಲ್ಲ.
ಎಂಟರ ಭಾರ ಕೈಗೆ ತಿಳಿಯಲಿಲ್ಲ.