ಕಿವಿಯಿಂದ ತಿಂದದ್ದು

ಸ್ಕಿಪ್ಟನ್ನಿನ ಸಂತೆಬೀದಿಯಲ್ಲಿ ಶನಿವಾರ ಒಂಬತ್ತಕ್ಕೇ ಸಾಲು.
ಬೇಕರಿ ಸಣ್ಣದು, ಅದರ ಬಾಗಿಲು ಇನ್ನೂ ಸಣ್ಣದು,
ಒಳಗೆ ಆರು ಜನ, ಹೊರಗೆ ನಲವತ್ತು,
ಕೊಡೆಯಿಂದ ಕೊಡೆಗೆ ತೊಟ್ಟಿಕ್ಕುವ ಜಿನುಗು.
ಬಾಗಿಲು ತೆರೆದಾಗಲೆಲ್ಲ ಸಾಲಿಗೆ ಸಾಲೇ
ಮೂಗೆತ್ತಿ ಒಂದು ಹೆಜ್ಜೆ ಮುಂದೆ ಬರುತ್ತದೆ.
ನನಗೆ ಬೆಚ್ಚನೆಯ ಗಾಳಿ ಬಂತು, ಅಷ್ಟೆ.

ಹನ್ನೊಂದು ತಿಂಗಳಾಯಿತು.
ನಾಲ್ಕು ದಿನದ ಜ್ವರ ಹೊರಡುವಾಗ
ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು,
ನೆಂಟರ ಬೆನ್ನು ಹತ್ತಿದ ಮಗುವಿನ ಹಾಗೆ
ರುಚಿಯೂ ಹಿಂದೆಯೇ ನಡೆಯಿತು.
ಸಿಹಿ ಎಂದರೆ ಈಗ ಬರೀ ಸಿಹಿ,
ಉಪ್ಪು ಎಂದರೆ ಬರೀ ಉಪ್ಪು;
ಹೆಸರಿದೆ, ಮುಖವಿಲ್ಲ.
ಹಾಲು ಕೆಟ್ಟಿದೆಯೇ ಎಂದು ಪಕ್ಕದ ಮನೆಯವರನ್ನು ಕೇಳುತ್ತೇನೆ.
ಒಗ್ಗರಣೆ ಸೀದದ್ದನ್ನು ಗೋಡೆಯ ಅಲಾರಂ ಹೇಳಬೇಕು.

ಇಲ್ಲಿಗೆ ಎಳೆದು ತಂದವಳು ನೀಲಾಂಬಿಕೆ,
ಗದಗದವಳು, ಬಸ್ ಡಿಪೋದಲ್ಲಿ ಡ್ರೈವರುಗಳ ಪಾಳಿ ಬರೆಯುತ್ತಾಳೆ.
"ನೀ ಬರೇ ಅಗಿ. ರುಚಿ ನಾ ಹೇಳ್ತೀನಿ."
ನೋಡದ ಸಿನಿಮಾದ ಕಥೆ ಹೇಳುವವರ ಧೈರ್ಯ ಅವಳದು.

ಗಲ್ಲಾಪೆಟ್ಟಿಗೆಯ ಪಕ್ಕ ಮರದ ಹಲಗೆ,
ಕೇಕಿನ ಚೂರುಗಳು, ಒಂದೊಂದರ ನೆತ್ತಿಗೂ ಒಂದು ಕಡ್ಡಿ.
ಹಲಗೆ ಕಾಯುವವಳು ಡೋರೀನ್, ಎಪ್ಪತ್ತರ ಹತ್ತಿರ,
ಮೊಣಕೈವರೆಗೆ ಹಿಟ್ಟು,
ಎಲ್ಲರನ್ನೂ "ಲವ್" ಎನ್ನುತ್ತಾಳೆ, ಪೊಲೀಸನನ್ನೂ.
ಒಬ್ಬರಿಗೆ ಒಂದೇ ಚೂರು ಎಂದು ಬೋರ್ಡಿದೆ.
ನೀಲಾ ಅದನ್ನು ಒಂದು ಬಗೆಗೆ ಒಂದು ಎಂದು ಓದಿಕೊಂಡಳು.

ಮೊದಲು ನಿಂಬೆಯದು.
ನನ್ನ ಬಾಯಲ್ಲಿ ಒದ್ದೆ ಸ್ಪಂಜು, ಮೇಲೆ ಸಕ್ಕರೆಯ ಕರಕರ,
ಸ್ವಲ್ಪ ಹುಳಿ, ಯಾರದೋ.
ಅವಳು ಕಣ್ಣು ಮುಚ್ಚಿದಳು.
"ಇದು ಹೆಂಗದ ಅಂದ್ರ, ಪರೀಕ್ಷಾ ಮುಗಿಸಿ ಹೊರಗ ಬಂದಿ,
ಪೇಪರ್ ಚಲೋ ಆಗೇದ, ಗೇಟಿನ್ಯಾಗ ಶರಬತ್ತಿನ ಗಾಡಿ.
ನಿನ್ನ ಕಡೆ ರೊಕ್ಕಿಲ್ಲ. ಗೆಳತಿ ಕೊಡಿಸ್ಯಾಳ."
ನುಂಗಿದೆ. ತಂಪಾಯಿತೇ?
ಆಯಿತು ಎಂದುಕೊಂಡೆ.

ಕಾಫಿ, ಅಕ್ರೋಟು:
"ನಮ್ಮ ಸೋದರಮಾವ. ಮಾತು ಕಹಿ, ಕಿಸೆದಾಗ ಪೆಪ್ಪರಮೆಂಟು."
ಚೆರ್ರಿಯದು:
"ಛೀ. ಸ್ಟುಡಿಯೋದಾಗ ತಗಸಿದ ಫೋಟೋ,
ತುಟಿಗಷ್ಟ ಬಣ್ಣ ಹಚ್ಯಾರ."
ಹಿಂದೆ ನಿಂತ ಮುದುಕ ಟೋಪಿ ತೆಗೆದು ಕೇಳಿದ,
ಆಕೆ ಹೇಳುತ್ತಿರುವುದು ಏನು?
ಚೆನ್ನಾಗಿದೆಯಂತೆ, ಎಂದೆ.
ಅವನಿಗೆ ನಂಬಿಕೆ ಬರಲಿಲ್ಲ,
ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ?

ಕೊನೆಯದು ಕಪ್ಪು, ಅಂಟು, ಬೆಲ್ಲದ ತುಂಡಿನಂತೆ ಚೌಕ.
ಪಾರ್ಕಿನ್, ಎಂದಳು ಡೋರೀನ್. ಓಟ್ಸು, ಕಾಕಂಬಿ.
ಬೇಯಿಸಿ ಡಬ್ಬಿಯಲ್ಲಿಟ್ಟು ಮೂರು ದಿನ ಅದನ್ನು ಮರೆಯಬೇಕು,
ಮರೆಯುವುದೇ ಕಷ್ಟದ ಕೆಲಸ.
ನೀಲಾ ಬಾಯಿ ತೆರೆಯುವ ಮೊದಲೇ
ನನ್ನ ನಾಲಿಗೆಯ ಹಿಂಬದಿಯಲ್ಲಿ
ಯಾರೋ ಬೆಂಕಿಕಡ್ಡಿ ಗೀರಿದರು.
ಆರಿತು. ಮತ್ತೆ ಹತ್ತಿತು.
"ಶುಂಠಿ," ಎಂದೆ.
ನೀಲಾ ಅಗಿಯುವುದನ್ನು ನಿಲ್ಲಿಸಿದಳು.

ಇದು ರುಚಿಯಲ್ಲ, ಗೊತ್ತು.
ಉರಿಯ ನರವೇ ಬೇರೆ, ಮೂಗಿನ ದಾರಿಯೇ ಬೇರೆ,
ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದರು.
ಹಸಿಮೆಣಸಿನಕಾಯಿಯೂ ದಿನಾ ಉರಿಸುತ್ತದೆ,
ಸಾಲ ವಸೂಲಿಗೆ ಬಂದವನು ಬಾಗಿಲು ಗುದ್ದಿದ ಹಾಗೆ.
ಇದು ಬೆರಳ ತುದಿಯಿಂದ ತಟ್ಟಿದ್ದು,
ಒಳಗೆ ಇದ್ದೀಯಾ ಎಂದು.

ಎರಡನೇ ಚೂರಿಗೆ ಕೈ ಚಾಚಿ ಬೋರ್ಡು ನೋಡಿದೆ.
ಡೋರೀನ್ ನನ್ನನ್ನು ನೋಡಿದಳು,
ಏನು ಕಂಡಳೋ,
ಹಲಗೆಯನ್ನೇ ಈಚೆ ತಳ್ಳಿದಳು.

ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲೆ.
ಮೂರು ದಿನ ಈಗಾಗಲೇ ಕಾದದ್ದು, ನಾವು ಕಾಯಬೇಕಿಲ್ಲ.
"ಈಗ ನೀ ಹೇಳು," ಎಂದಳು ನೀಲಾ, "ಹೆಂಗದ?"
ಕಿಟಕಿಯ ಹೊರಗೆ ಒದ್ದೆ ಕುರಿಗಳು, ಕಲ್ಲಿನ ಗೋಡೆ, ಮತ್ತೆ ಕುರಿಗಳು.
ಬಹಳ ಹೊತ್ತು ಯೋಚಿಸಿದೆ.
"ಖಾರ," ಎಂದೆ.
"ಅಷ್ಟ ಏನು?"
"ಅಷ್ಟೆ. ಇನ್ನೊಂದು ಕೊಡು."